ವಯಸ್ಸು ಮಾಗಿದಂತೆ ಬುದ್ಧಿಯ ನಡೆ

1998ನೆಯ ಇಸವಿ ಜೂನ್ ತಿಂಗಳ ಒಂದನೆಯ ತಾರೀಖು, ಸ್ಕಾಟ್ಲೆಂಡಿನ ಅಬರ್ಡೀನ್ ನಗರದ ಸಂಗೀತ ಭವನದಲ್ಲಿ, ಎಪ್ಪತ್ತೇಳರ ಆಸುಪಾಸಿನ ವೃದ್ಧರೂ ವೃದ್ಧೆಯರೂ ಒಟ್ಟಾಗಿ ಕುಳಿತು ನಲವತ್ತೈದು ನಿಮಿಷಗಳ ಒಂದು ಪರೀಕ್ಷೆಯನ್ನು ಬರೆದರು. ಅದೇ ಪ್ರಶ್ನೆಪತ್ರಿಕೆಯನ್ನು ಅವರು ಹಿಂದೊಮ್ಮೆ ಬರೆದಿದ್ದರು. ಅದು ಸರಿಯಾಗಿ ಅರವತ್ತಾರು ವರ್ಷಗಳ ಹಿಂದೆ, 1932ನೆಯ ಇಸವಿ ಜೂನ್ 1ರಂದು, ಅವರೆಲ್ಲರೂ ಹನ್ನೊಂದರ ಪ್ರಾಯದಲ್ಲಿ ಶಾಲೆಗೆ ಹೋಗುತ್ತಿದ್ದಾಗ. ಆ ದಿವಸ ಸ್ಕಾಟ್ಲೆಂಡು, 1921ರಲ್ಲಿ ಹುಟ್ಟಿ ಅಂದು ಶಾಲೆಗೆ ಬಂದಿದ್ದ ಮಕ್ಕಳೆಲ್ಲರ ಬುದ್ಧಿಯನ್ನು ಅಳೆಯಲು ಹೊರಟು, 87,498 ಮಂದಿಗೆ ಪರೀಕ್ಷೆಯನ್ನು ನಡೆಸಿ, ಅವರ ಅಂಕಗಳನ್ನು ಖಾತೆಪುಸ್ತಕಗಳಲ್ಲಿ ಬರೆಸಿಟ್ಟಿತ್ತು. ಬಹುಕಾಲ ಯಾರೂ ತೆರೆಯದೆ ಬಿದ್ದಿದ್ದ ಆ ಪುಸ್ತಕಗಳು 1990ರ ದಶಕದ ಕೊನೆಯಲ್ಲಿ ಇಯಾನ್ ಡಿಯರಿ, ಲಾರೆನ್ಸ್ ವ್ಯಾಲಿ ಎಂಬ ವಿದ್ವಾಂಸರ ಕೈ ಸೇರಿದುವು. ಅಂದಿನ ಮಕ್ಕಳಲ್ಲಿ ಇನ್ನೂ ಬದುಕಿರುವವರನ್ನು ಹುಡುಕಿ ಕರೆದು, ಅದೇ ಪರೀಕ್ಷೆಯನ್ನು ಮತ್ತೊಮ್ಮೆ ಬರೆಯಿಸಿದರೆ ಒಂದು ಇಡೀ ಆಯುಷ್ಯದಲ್ಲಿ ಮನುಷ್ಯನ ಬುದ್ಧಿಗೆ ಏನಾಯಿತೆಂಬುದನ್ನು ಕಣ್ಣಾರೆ ಕಾಣಬಹುದೆಂಬ ಯೋಚನೆ ಅವರಿಗೆ ಹೊಳೆಯಿತು.

ಆ ಪರೀಕ್ಷೆಯ ಫಲ ಅನೇಕರ ನಿರೀಕ್ಷೆಗೆ ವಿರುದ್ಧವಾಗಿತ್ತು. ಹನ್ನೊಂದರ ವಯಸ್ಸಿನಲ್ಲಿ ಗಳಿಸಿದ್ದಕ್ಕಿಂತ ಎಪ್ಪತ್ತೇಳರಲ್ಲಿ ಅವರು ಗಳಿಸಿದ ಅಂಕಗಳ ಸರಾಸರಿ ಹೆಚ್ಚಾಗಿಯೇ ಇತ್ತು. ಬಾಲ್ಯದಲ್ಲಿ ಯಾರು ಮುಂದಿದ್ದರೋ ಬಹುಮಟ್ಟಿಗೆ ಅವರೇ ಮುಪ್ಪಿನಲ್ಲಿಯೂ ಮುಂದಿದ್ದರು. ಆದರೆ ‘ಬಹುಮಟ್ಟಿಗೆ’ ಎಂಬ ಮಾತಿಗೆ ಇಲ್ಲಿ ಬೆಲೆ ಉಂಟು. ಮುಪ್ಪಿನಲ್ಲಿ ಒಬ್ಬರಿಗೂ ಮತ್ತೊಬ್ಬರಿಗೂ ಕಾಣುವ ಅಂತರದಲ್ಲಿ ಸುಮಾರು ಅರ್ಧದಷ್ಟಕ್ಕೆ ಬಾಲ್ಯದಲ್ಲಿಯೇ ಇದ್ದ ಅಂತರವು ಕಾರಣವೆಂದು ಹೇಳಬಹುದಾದರೂ, ಉಳಿದ ಅರ್ಧವನ್ನು ನಡುವಣ ಆರು ದಶಕಗಳ ಜೀವನವೇ ನಿರ್ಣಯಿಸಿತ್ತೆಂದಾಯಿತು. ಓದು, ಉದ್ಯೋಗ, ಆರೋಗ್ಯ, ದುರಭ್ಯಾಸ, ಅದೃಷ್ಟ ಇವೆಲ್ಲವೂ ಆ ಅರ್ಧದೊಳಗೆ ಸೇರಿವೆ. ಅರವತ್ತಕ್ಕೆ ಅರಳು ಮರಳು ಎಂದು ನಮ್ಮ ಜನ ಬಹುಕಾಲದಿಂದ ಆಡಿಕೊಂಡು ಬಂದಿರುವ ಮಾತನ್ನು ಈ ಫಲಿತಾಂಶದ ಎದುರಿಗೆ ಇಟ್ಟು ನೋಡಿದಾಗ, ಆ ಮಾತು ಎಷ್ಟು ನಿಜ, ಎಷ್ಟು ಸುಳ್ಳು, ಯಾವ ಭಾಗದಲ್ಲಿ ನಿಜ, ಯಾವ ಭಾಗದಲ್ಲಿ ಸುಳ್ಳು ಎಂಬುದನ್ನು ಕೊಂಚ ನಿಧಾನವಾಗಿ ವಿಚಾರಿಸಬೇಕೆನಿಸುತ್ತದೆ.

ಬುದ್ಧಿ ಎಂಬುದು ಅಖಂಡವಾದ ಒಂದು ವಸ್ತುವಲ್ಲ. ರೇಮಂಡ್ ಕ್ಯಾಟೆಲ್ ಎಂಬ ಮನಶ್ಶಾಸ್ತ್ರಜ್ಞನು 1940ರ ದಶಕದಲ್ಲಿ ಸೂಚಿಸಿ, ಮುಂದೆ ತನ್ನ ಶಿಷ್ಯನಾದ ಜಾನ್ ಹಾರ್ನ್‌ನೊಡನೆ 1960ರ ದಶಕದಲ್ಲಿ ವಿಸ್ತರಿಸಿದ ವಿಭಾಗವೊಂದು ಇಂದಿಗೂ ಈ ಶಾಸ್ತ್ರದ ತಳಹದಿಯಾಗಿದೆ. ಹಿಂದೆಂದೂ ಕಾಣದ ಸಮಸ್ಯೆಯೊಂದು ಎದುರಾದಾಗ, ಪೂರ್ವಪರಿಚಯದ ಬೆಂಬಲವಿಲ್ಲದೆ, ಅಲ್ಲಿಂದಲ್ಲಿಗೇ ಸಂಬಂಧಗಳನ್ನು ಗ್ರಹಿಸಿ ಉತ್ತರವನ್ನು ಕಂಡುಕೊಳ್ಳುವ ಸಾಮರ್ಥ್ಯ ಒಂದು ಬಗೆ. ಇದನ್ನು ಹರಿಯುವ ಬುದ್ಧಿ ಎನ್ನೋಣ. ಓದು, ಸಂಸ್ಕಾರ, ವೃತ್ತಿ, ಲೋಕಾನುಭವಗಳಿಂದ ವರ್ಷವರ್ಷವೂ ಕೂಡಿಬಂದು ನೆಲೆನಿಂತ ಪದಸಂಪತ್ತು, ವಿಷಯಜ್ಞಾನ, ವಿವೇಚನೆಯ ರೂಢಿ ಇವು ಇನ್ನೊಂದು ಬಗೆ. ಇದು ಹರಳುಗಟ್ಟಿದ ಬುದ್ಧಿ. ಮೊದಲನೆಯದು ಯೌವನದಲ್ಲಿಯೇ ತನ್ನ ಶಿಖರವನ್ನು ಮುಟ್ಟಿ, ಅಲ್ಲಿಂದ ಮೆಲ್ಲಮೆಲ್ಲನೆ ಇಳಿಯತೊಡಗುತ್ತದೆ. ಎರಡನೆಯದು ನಡುವಯಸ್ಸನ್ನು ದಾಟಿಯೂ ಏರುತ್ತಲೇ ಇದ್ದು, ಅರವತ್ತರ ಆಚೆಗೂ ಬಹುಕಾಲ ತನ್ನ ಎತ್ತರವನ್ನು ಕಾಯ್ದುಕೊಳ್ಳುತ್ತದೆ. ಒಂದೇ ತಲೆಯೊಳಗೆ ಒಂದು ಇಳಿಯುತ್ತಿರುವಾಗಲೇ ಇನ್ನೊಂದು ಏರುತ್ತಿರುತ್ತದೆಂಬುದನ್ನು ಮರೆತು ಮುಪ್ಪನ್ನು ಕುರಿತು ಆಡುವ ಮಾತೆಲ್ಲವೂ ಅರ್ಧಸತ್ಯವಾಗಿಯೇ ಉಳಿಯುತ್ತದೆ.

ಈ ಇಳಿತವನ್ನು ಅಳೆಯುವಲ್ಲಿಯೂ ವಿದ್ವಾಂಸರು ಬಹುಕಾಲ ಒಂದು ತೊಡಕಿನಲ್ಲಿ ಸಿಕ್ಕಿಕೊಂಡಿದ್ದರು. ಇಪ್ಪತ್ತೈದರವರನ್ನೂ ಎಪ್ಪತ್ತೈದರವರನ್ನೂ ಒಂದೇ ದಿನ ಪರೀಕ್ಷಿಸಿ, ಇಬ್ಬರ ಅಂಕಗಳ ವ್ಯತ್ಯಾಸವನ್ನೆಲ್ಲ ವಯಸ್ಸಿನ ಲೆಕ್ಕಕ್ಕೆ ಬರೆದುಬಿಡುವುದು ರೂಢಿಯಾಗಿತ್ತು. ಆದರೆ ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟು ಹೊಲಕ್ಕಿಳಿದ ಅಜ್ಜನನ್ನೂ ಎಂಜಿನಿಯರಿಂಗ್ ಓದಿದ ಮೊಮ್ಮಗಳನ್ನೂ ಎದುರುಬದುರಾಗಿ ಕೂರಿಸಿ ಕಾಗದದ ಮೇಲಿನ ಒಗಟುಗಳನ್ನು ಬಿಡಿಸಹೇಳಿದರೆ, ಅಲ್ಲಿ ಕಾಣುವ ಅಂತರವು ವಯಸ್ಸಿನದೋ, ಶಾಲೆಯದೋ, ಎಳವೆಯಲ್ಲಿ ಉಂಡ ಅನ್ನದ್ದೋ ಹೇಳುವವರು ಯಾರು? 1956ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ವಾರ್ನರ್ ಶಾಯ್ ಎಂಬಾತನು ಸುಮಾರು ಐನೂರು ಮಂದಿಯನ್ನು ಆರಿಸಿಕೊಂಡು, ಏಳು ವರ್ಷಗಳಿಗೊಮ್ಮೆ ಅವರನ್ನೇ ಮತ್ತೆ ಪರೀಕ್ಷಿಸುತ್ತ, ಪ್ರತಿಸಾರಿಯೂ ಹೊಸಬರನ್ನೂ ಸೇರಿಸಿಕೊಳ್ಳುತ್ತ, ದಶಕಗಳ ಕಾಲ ಈ ಕಾರ್ಯವನ್ನು ನಡೆಸಿದನು. ಒಬ್ಬ ವ್ಯಕ್ತಿಯನ್ನು ಅವನ ಹಿಂದಿನ ಸ್ಥಿತಿಯೊಡನೆಯೇ ಹೋಲಿಸಿದಾಗ ಚಿತ್ರವೇ ಬೇರೆಯಾಯಿತು: ಹೆಚ್ಚಿನ ಸಾಮರ್ಥ್ಯಗಳು ಅರವತ್ತರವರೆಗೆ ಹೇಳಿಕೊಳ್ಳುವಂಥ ಕುಂದನ್ನು ತೋರಿಸಲಿಲ್ಲ, ಎಂಬತ್ತೊಂದರ ವಯಸ್ಸಿನಲ್ಲಿ ಸಹ, ಹಿಂದಿನ ಏಳು ವರ್ಷಗಳಲ್ಲಿ ನಿಶ್ಚಿತವಾಗಿ ಕುಂದಿದವರು ಅರ್ಧಕ್ಕಿಂತ ಕಡಿಮೆ ಮಂದಿ. ಈ ವಿಧಾನಕ್ಕೂ ದೋಷವಿಲ್ಲದೆ ಇಲ್ಲ. ಒಂದೇ ಪರೀಕ್ಷೆಯನ್ನು ಮತ್ತೆ ಮತ್ತೆ ಬರೆದವರಿಗೆ ಅಭ್ಯಾಸಬಲ ಒದಗುತ್ತದೆ, ಆರೋಗ್ಯ ಕೆಟ್ಟವರು ನಡುವೆಯೇ ಉದುರಿಹೋಗಿ ಗಟ್ಟಿಗರಷ್ಟೇ ಉಳಿಯುತ್ತಾರೆ ಎಂದು ವಾದಿಸುವವರ ಮಾತಿನಲ್ಲಿ ಸತ್ಯಾಂಶ ಉಂಟು. ಆದರೂ ಒಂದು ತಲೆಮಾರಿಗೆ ಸಿಗದೆಹೋದ ವಿದ್ಯೆಯನ್ನು ಆ ತಲೆಮಾರಿನ ಮುಪ್ಪಿನ ಫಲವೆಂದು ಬಗೆಯುವ ಅನ್ಯಾಯಕ್ಕೆ ಶಾಯ್‌ನ ದುಡಿಮೆ ಒಂದು ತಡೆಯನ್ನು ಹಾಕಿತು. ಅದಕ್ಕಾಗಿ ನಾವು ಅವನಿಗೆ ಕೃತಜ್ಞರಾಗಿರಬೇಕು.

ನಿಶ್ಚಯವಾಗಿ ಕುಂದುವುದು ವೇಗ. ಇದರಲ್ಲಿ ಎರಡನೆಯ ಅಭಿಪ್ರಾಯವಿಲ್ಲ. ದೀಪ ಹೊತ್ತಿದೊಡನೆ ಗುಂಡಿಯನ್ನು ಒತ್ತುವಂಥ ಸರಳ ಕಾರ್ಯದಲ್ಲಿಯೂ, ಅಂಕಿಗಳಿಗೆ ಗೊತ್ತುಪಡಿಸಿದ ಚಿಹ್ನೆಗಳನ್ನು ಒಂದರ ಕೆಳಗೊಂದು ತುಂಬುತ್ತ ಹೋಗುವ ಕಾರ್ಯದಲ್ಲಿಯೂ, ಇಪ್ಪತ್ತರ ಹರೆಯವು ದಾಟುತ್ತಲೇ ಗತಿಯು ಇಳಿಯಲಾರಂಭಿಸುತ್ತದೆ. ತಿಮತಿ ಸಾಲ್ಟ್‌ಹೌಸ್ ಎಂಬ ಅಮೆರಿಕದ ಸಂಶೋಧಕನು 1996ರಲ್ಲಿ ವಿವರಿಸಿದಂತೆ, ಈ ನಿಧಾನವು ಕೇವಲ ತಡವಾಗಿ ಮುಗಿಯುವುದರಲ್ಲಿ ನಿಲ್ಲುವುದಿಲ್ಲ, ಆಲೋಚನೆಯ ಗುಣವನ್ನೇ ತಾಕುತ್ತದೆ. ಅಂಗಡಿಯಾತನು ಸಾಮಾನುಗಳ ಬೆಲೆಯನ್ನು ಒಂದಾದಮೇಲೊಂದು ಬಡಬಡನೆ ಹೇಳುತ್ತ ಹೋಗುವಾಗ, ಮೂರನೆಯ ಬೆಲೆಯನ್ನು ಕೂಡಿಸುವಷ್ಟರಲ್ಲಿ ಮೊದಲೆರಡರ ಮೊತ್ತವು ನೆನಪಿನಿಂದ ಜಾರಿಹೋಗಿದ್ದರೆ, ಅಲ್ಲಿ ಲೆಕ್ಕ ಬಾರದ ದೋಷವೇನೂ ಇಲ್ಲ. ಒಂದು ಹೆಜ್ಜೆಯ ಫಲವು ಮುಂದಿನ ಹೆಜ್ಜೆಗೆ ಒದಗುವ ಮೊದಲೇ ಆರಿಹೋಗುತ್ತದೆ, ಅಷ್ಟೆ. ಅದೇ ಲೆಕ್ಕವನ್ನು ಚೀಟಿಯ ಮೇಲೆ ಬರೆದುಕೊಟ್ಟರೆ ಅದೇ ವೃದ್ಧರು ತಪ್ಪಿಲ್ಲದೆ ಮಾಡಿ ಮುಗಿಸುತ್ತಾರೆ. ಹಿರಿಯರೊಡನೆ ಮಾತನಾಡುವಾಗ ಒಂದೇ ಉಸಿರಿಗೆ ಐದು ಸಂಗತಿಗಳನ್ನು ಹೇಳಿ, ಬಳಿಕ ಅವರಿಗೆ ತಿಳಿಯಲಿಲ್ಲವೆಂದು ಮುಖ ಸಿಂಡರಿಸಿಕೊಳ್ಳುವ ನಮ್ಮ ಮನೆಗಳ ಕಿರಿಯರು ಈ ಒಂದು ಸಂಗತಿಯನ್ನಾದರೂ ತಿಳಿದಿರಬೇಕೆಂದು ನನ್ನ ಆಶೆ.

ಆದರೆ ವೇಗವು ಕುಂದಿದ ಮೇಲೆಯೂ ಕೆಲಸವು ಹೇಗೆ ಕೆಡದೆ ನಡೆಯುತ್ತದೆ? ಇದಕ್ಕೆ ಉತ್ತರವನ್ನು ಅದೇ ಸಾಲ್ಟ್‌ಹೌಸ್ 1984ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ ಕಾಣಬಹುದು. ಈ ಇಡೀ ಶಾಸ್ತ್ರದಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಇದೇ. ಅವನು ಹತ್ತೊಂಬತ್ತರಿಂದ ಎಪ್ಪತ್ತೆರಡರ ವಯಸ್ಸಿನವರೆಗಿನ ಟೈಪಿಸ್ಟರನ್ನು ಕರೆದು ಪರೀಕ್ಷಿಸಿದನು. ಸುಮ್ಮನೆ ಬೆರಳು ಬಡಿಯುವ ಪರೀಕ್ಷೆಯಲ್ಲಿಯೂ, ಕಂಡ ಅಕ್ಷರಕ್ಕೆ ತಕ್ಕ ಕೀಲಿಯನ್ನು ಥಟ್ಟನೆ ಒತ್ತುವ ಪರೀಕ್ಷೆಯಲ್ಲಿಯೂ ವಯಸ್ಸಾದವರು ನಿರೀಕ್ಷಿಸಿದಂತೆಯೇ ಹಿಂದೆ ಬಿದ್ದರು. ಆದರೆ ಪುಟವನ್ನು ಕೊಟ್ಟು ಟೈಪು ಮಾಡಿರೆಂದಾಗ ಅವರ ವೇಗವು ಎಳೆಯರ ವೇಗಕ್ಕೆ ಏನೇನೂ ಕಡಿಮೆಯಾಗಿರಲಿಲ್ಲ. ಬೆರಳುಗಳು ನಿಧಾನವಾದಾಗ ಪುಟವು ಮಾತ್ರ ಅದೇ ಹೊತ್ತಿಗೆ ಮುಗಿಯುವುದೆಂದರೇನು? ಇದನ್ನು ಭೇದಿಸಲು ಸಾಲ್ಟ್‌ಹೌಸ್ ಒಂದು ಉಪಾಯವನ್ನು ಹೂಡಿದನು. ಪಾಠವನ್ನು ಪೂರ್ತಿಯಾಗಿ ತೋರಿಸದೆ, ಟೈಪು ಮಾಡುತ್ತಿರುವ ಅಕ್ಷರದ ಮುಂದೆ ಇಷ್ಟೇ ಅಕ್ಷರಗಳು ಕಣ್ಣಿಗೆ ಬೀಳುವಂತೆ ಪರದೆಯನ್ನು ಕಟ್ಟುಮಾಡಿ, ಆ ಮುನ್ನೋಟವನ್ನು ಕ್ರಮಕ್ರಮವಾಗಿ ಕಿರಿದುಗೊಳಿಸುತ್ತ ಬಂದನು. ಮುಂದಿನ ಕೆಲವೇ ಅಕ್ಷರಗಳು ಕಾಣುತ್ತಿದ್ದರೂ ಎಳೆಯರ ಬೆರಳುಗಳು ಎಂದಿನಂತೆ ಓಡುತ್ತಿದ್ದುವು. ಹಿರಿಯರ ಗತಿಯಾದರೋ ಅದಕ್ಕೆ ಬಹಳ ಮೊದಲೇ ತಡವರಿಸತೊಡಗಿತು. ಎಂದರೆ, ಹಿರಿಯರ ಕಣ್ಣು ಬೆರಳಿಗಿಂತ ಬಹು ಮುಂದೆ ಸಾಗಿರುತ್ತಿತ್ತು. ಮುಂದೆ ಬರುವ ಪದಗಳನ್ನು ಮೊದಲೇ ಓದಿಕೊಂಡು, ನಿಧಾನವಾದ ಬೆರಳುಗಳಿಗೆ ಮುಂಚಿತವಾಗಿಯೇ ಆಜ್ಞೆ ಕೊಟ್ಟಿರುತ್ತಿತ್ತು. ಯಾರೂ ಅವರಿಗೆ ಈ ಉಪಾಯವನ್ನು ಕಲಿಸಿಕೊಟ್ಟದ್ದಲ್ಲ. ದಶಕಗಳ ಕಸಬು ತಾನಾಗಿಯೇ ಅದನ್ನು ಅವರ ಮೈಗೂಡಿಸಿತ್ತು.

ವೇಗದಿಂದ ಸಾಧಿಸುತ್ತಿದ್ದುದನ್ನು ಮುನ್ನರಿವಿನಿಂದ ಸಾಧಿಸುವುದು, ಇದೇ ಮಾಗಿದ ಬುದ್ಧಿಯ ನಡೆಯೆಂದು ನನಗೆ ತೋರುತ್ತದೆ. ಬರ್ಲಿನ್ನಿನ ಪಾಲ್ ಬಾಲ್ಟೆಸ್ ಇದಕ್ಕೆ ಪಿಯಾನೊ ವಿದ್ವಾಂಸ ಆರ್ಥರ್ ರೂಬಿನ್‌ಸ್ಟೈನನ ನಿದರ್ಶನವನ್ನು ಕೊಡುತ್ತಿದ್ದನು: ಎಂಬತ್ತರ ಪ್ರಾಯದಲ್ಲಿಯೂ ಇಷ್ಟು ಚೆನ್ನಾಗಿ ಹೇಗೆ ನುಡಿಸುತ್ತೀರೆಂದು ಕೇಳಿದಾಗ ಆತನು, ತಾನು ಹಿಂದಿಗಿಂತ ಕಡಿಮೆ ಕೃತಿಗಳನ್ನು ಆರಿಸಿಕೊಳ್ಳುವುದಾಗಿಯೂ, ಅವನ್ನು ಹೆಚ್ಚಾಗಿ ಅಭ್ಯಾಸ ಮಾಡುವುದಾಗಿಯೂ, ದ್ರುತವಾದ ಭಾಗವು ಬರುವ ಮುನ್ನ ಬೇಕೆಂದೇ ಗತಿಯನ್ನು ತಗ್ಗಿಸಿ, ಮುಂದಿನದು ಕೇಳುಗರಿಗೆ ವೇಗವಾಗಿ ತೋರುವಂತೆ ಮಾಡುವುದಾಗಿಯೂ ತಿಳಿಸಿದನಂತೆ.

ಕಲಿತದ್ದು ಎಷ್ಟು ಕಾಲ ಉಳಿಯುತ್ತದೆ ಎಂಬ ಪ್ರಶ್ನೆಯೂ ಇದಕ್ಕೆ ಹೊಂದಿಕೊಂಡದ್ದೇ. ಹ್ಯಾರಿ ಬಾಹ್ರಿಕ್ ಎಂಬ ಪ್ರಾಧ್ಯಾಪಕನು, ಶಾಲೆ ಕಾಲೇಜುಗಳಲ್ಲಿ ಸ್ಪ್ಯಾನಿಷ್ ಭಾಷೆಯನ್ನು ಕಲಿತಿದ್ದ 733 ಮಂದಿಯನ್ನು ಪರೀಕ್ಷಿಸಿ 1984ರಲ್ಲಿ ವರದಿ ಮಾಡಿದನು. ಅವರಲ್ಲಿ ಐವತ್ತು ವರ್ಷಗಳ ಹಿಂದೆ ಕಲಿತು ಬಳಿಕ ಹೆಚ್ಚಾಗಿ ಬಳಸದೆ ಬಿಟ್ಟವರೂ ಇದ್ದರು. ಮೊದಲ ಮೂರರಿಂದ ಆರು ವರ್ಷಗಳಲ್ಲಿ ಮರೆವು ಬಿರುಸಾಗಿ ನಡೆಯುತ್ತದೆ. ಆ ಅವಧಿಯನ್ನು ದಾಟಿ ಉಳಿದುದು ಮುಂದಿನ ಇಪ್ಪತ್ತೈದು ಮೂವತ್ತು ವರ್ಷಗಳ ಕಾಲ ಬಹುಮಟ್ಟಿಗೆ ಕದಲದೆ ನಿಲ್ಲುತ್ತದೆ. ಎಷ್ಟು ಉಳಿಯುತ್ತದೆಂಬುದು ಮೊದಲು ಎಷ್ಟು ಗಟ್ಟಿಯಾಗಿ ಕಲಿತಿದ್ದರೆಂಬುದನ್ನು ಅವಲಂಬಿಸಿರುತ್ತದೆ. ನಮ್ಮ ಹಳೆಯ ಶಾಲೆಗಳಲ್ಲಿ ಕಾಲುಮಗ್ಗಿ ಅರೆಮಗ್ಗಿಗಳನ್ನು ಒಪ್ಪಿಸಿದವರು ಎಂಬತ್ತರಲ್ಲಿಯೂ ತಡೆಯಿಲ್ಲದೆ ಹೇಳುವುದನ್ನು ಕೇಳಿದವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ಬಳಸುತ್ತಲೇ ಇರುವ ಜ್ಞಾನವಂತೂ ಉಳಿಯುವುದಷ್ಟೇ ಅಲ್ಲ, ಬೆಳೆಯುತ್ತದೆ. 1913ರಲ್ಲಿ ಹುಟ್ಟಿದ ಪ್ರೊ. ಜಿ. ವೆಂಕಟಸುಬ್ಬಯ್ಯನವರು ಕನ್ನಡ ಸಾಹಿತ್ಯ ಪರಿಷತ್ತಿನ ಬೃಹನ್ನಿಘಂಟಿಗಾಗಿ ದುಡಿದುದು ಸಾಲದೆಂಬಂತೆ, ಎಂಬತ್ತರ ಹತ್ತಿರದಲ್ಲಿ ‘ಪ್ರಜಾವಾಣಿ’ಯಲ್ಲಿ ‘ಇಗೋ ಕನ್ನಡ’ ಅಂಕಣವನ್ನು ಆರಂಭಿಸಿ, ಓದುಗರು ಕೇಳಿದ ಶಬ್ದಗಳ ಅರ್ಥವನ್ನೂ ಮೂಲವನ್ನೂ ಪ್ರಯೋಗವನ್ನೂ ಬಹುಕಾಲ ವಿವರಿಸಿದರು. 2011ರಲ್ಲಿ, ತೊಂಬತ್ತೇಳರ ವಯಸ್ಸಿನಲ್ಲಿ, ಬೆಂಗಳೂರಿನ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆಯನ್ನು ವಹಿಸಿ, 2021ರಲ್ಲಿ ನೂರೇಳನ್ನು ದಾಟಿ ತೀರಿಕೊಂಡರು. ಅಂಥ ಆಯುಷ್ಯವೂ ಆರೋಗ್ಯವೂ ಎಲ್ಲರಿಗೆ ಲಭಿಸುವುದಲ್ಲವೆಂಬುದು ನಿಜ. ಆದರೆ ನಿಘಂಟುಕಾರನ ಕೆಲಸವು ಯಾವ ಶಕ್ತಿಯನ್ನು ಬೇಡುತ್ತದೆಯೋ ಆ ಶಕ್ತಿಯೇ ಮುಪ್ಪಿನಲ್ಲಿ ಕೊನೆಗೆ ಕುಂದುವಂಥದು. ಪದಸಂಪತ್ತನ್ನು ಅಳೆಯುವ ಪರೀಕ್ಷೆಗಳಲ್ಲಿ ಅರವತ್ತು ಎಪ್ಪತ್ತರವರು ಇಪ್ಪತ್ತರವರನ್ನು ಮೀರಿಸುವುದು ಸಾಮಾನ್ಯವಾಗಿ ಕಂಡುಬರುವ ಸಂಗತಿ.

ಇಷ್ಟು ಪದಗಳನ್ನು ಬಲ್ಲವರೇ ಎದುರಿಗೆ ನಿಂತ ಪರಿಚಿತರ ಹೆಸರು ಬಾಯಿಗೆ ಬಾರದೆ ಪೇಚಾಡುವುದೇಕೆ? ವಯಸ್ಸಾದವರ ದೂರುಗಳಲ್ಲಿ ಇದೇ ಮೊದಲನೆಯದು. ಡೆಬೊರಾ ಬರ್ಕ್ ಮತ್ತು ಸಂಗಡಿಗರು 1991ರಲ್ಲಿ ಕೊಟ್ಟ ವಿವರಣೆಯ ಪ್ರಕಾರ, ಇಲ್ಲಿ ಅರ್ಥದ ಭಂಡಾರಕ್ಕೆ ಹಾನಿಯೇನೂ ತಟ್ಟಿರುವುದಿಲ್ಲ. ಅರ್ಥದಿಂದ ಶಬ್ದದ ಧ್ವನಿಗೆ ಒಯ್ಯುವ ಸಂಪರ್ಕವು ಸಡಿಲಗೊಂಡಿರುತ್ತದೆ. ಸಾಮಾನ್ಯ ಪದವೊಂದನ್ನು ತಲುಪಲು ಅರ್ಥದಿಂದ ಅನೇಕ ಸಂಪರ್ಕಗಳಿರುವುದರಿಂದ ಒಂದು ಕೆಟ್ಟರೆ ಮತ್ತೊಂದು ಒದಗುತ್ತದೆ. ವ್ಯಕ್ತಿಯ ಹೆಸರಿಗಾದರೋ ಇರುವುದು ಒಂದೇ ಎಳೆ. ಎದುರಿಗಿರುವಾತ ಮರಗೆಲಸ ಮಾಡುವವನೆಂದು ತಿಳಿದರೆ ಉಳಿ, ಬಾಚಿ, ಬಾಗಿಲು, ಮರದ ಹೊಟ್ಟಿನ ವಾಸನೆ ಎಲ್ಲವೂ ಆ ನೆನಪಿಗೆ ಆಸರೆಯಾಗಿ ನಿಲ್ಲುತ್ತವೆ. ಆತನ ಅಡ್ಡಹೆಸರು ಬಡಿಗೇರ ಎಂದಷ್ಟೇ ತಿಳಿದರೆ ಅದಕ್ಕೆ ಆಸರೆಯೇ ಇಲ್ಲ. ಆದಕಾರಣ ಹೆಸರು ತಡವಾಗಿ ಹೊಳೆದುದನ್ನು ಕಂಡು, ಇನ್ನು ನನ್ನ ಬುದ್ಧಿ ಹೋಯಿತೆಂದು ಕಂಗೆಡುವುದಕ್ಕೆ ಕಾರಣವಿಲ್ಲ. ದಿನವೂ ನಡೆದ ದಾರಿಯನ್ನೇ ತಪ್ಪುವುದು, ಕೈಯಲ್ಲಿರುವ ವಸ್ತುವಿನ ಉಪಯೋಗವೇ ತಿಳಿಯದಾಗುವುದು, ಆಗತಾನೆ ನಡೆದ ಸಂಗತಿಯು ನೆನಪಿಸಿದರೂ ನೆನಪಾಗದಿರುವುದು, ಇವು ಬೇರೆ ಜಾತಿಯ ಲಕ್ಷಣಗಳು. ಇವನ್ನು ವಯಸ್ಸಿನ ಮೇಲೆ ಹಾಕಿ ಸುಮ್ಮನಿರದೆ ವೈದ್ಯರಿಗೆ ತೋರಿಸಬೇಕು. ಹಾಗೆಯೇ ಕಿವಿ ಮಂದವಾದುದನ್ನು ಅನೇಕರು ಬುದ್ಧಿ ಮಂದವಾಯಿತೆಂದು ತಿಳಿಯುತ್ತಾರೆ. ಕೇಳಿದ ಮಾತು ಏನೆಂದು ಊಹಿಸುವುದಕ್ಕೇ ಮನಸ್ಸಿನ ಶಕ್ತಿಯೆಲ್ಲ ವೆಚ್ಚವಾದರೆ ಅದನ್ನು ನೆನಪಿನಲ್ಲಿಡಲು ಉಳಿಯುವುದೇನು? ಬುದ್ಧಿಭ್ರಮಣೆಯ ರೋಗಗಳನ್ನು ಕುರಿತು ‘ಲ್ಯಾನ್ಸೆಟ್’ ವೈದ್ಯಪತ್ರಿಕೆಯು ನೇಮಿಸಿದ ಆಯೋಗವು, ತಡೆಯಲು ಸಾಧ್ಯವಿರುವ ಅಪಾಯಕಾರಣಗಳ ತನ್ನ ಪಟ್ಟಿಯಲ್ಲಿ ಕಿವುಡಿಗೂ ಸ್ಥಾನವನ್ನು ಕೊಟ್ಟಿದೆ.

ಅನುಭವಜ್ಞಾನದ ಗುಣವನ್ನು ಇಷ್ಟು ಹೊಗಳಿದ ಮೇಲೆ ಅದರ ಮಿತಿಯನ್ನೂ ಹೇಳದಿದ್ದರೆ ಓದುಗರಿಗೆ ಮೋಸಮಾಡಿದಂತಾದೀತು. ಮುನ್ನರಿವು ಕೆಲಸಕ್ಕೆ ಬರುವುದು ತಾನು ನಡೆದ ನೆಲದಲ್ಲಿ ಮಾತ್ರ. ಮೊದಲೇ ಹೇಳಿದ ಆ ಟೈಪಿಸ್ಟರಿಗೂ ಮುಂದಿನ ಅಕ್ಷರಗಳನ್ನು ಮರೆಮಾಡಿದೊಡನೆ ಅವರ ಹಿರಿಮೆಯು ನಿಲ್ಲಲಿಲ್ಲ. ಲೋಕವ್ಯವಹಾರವೇ ಬದಲಾಗಿ, ಬ್ಯಾಂಕು ಮೊಬೈಲಿನೊಳಗೆ ಹೊಕ್ಕಾಗ, ನಲವತ್ತು ವರ್ಷ ಲೆಕ್ಕಪತ್ರಗಳನ್ನು ಒಂದು ಕಾಸೂ ತಪ್ಪದಂತೆ ಇಟ್ಟವರು ಒಂದು ಕಳ್ಳಕರೆಗೆ ತಮ್ಮ ಉಳಿತಾಯವನ್ನೆಲ್ಲ ಒಪ್ಪಿಸಿದ ವಾರ್ತೆಗಳನ್ನು ನಾವು ದಿನವೂ ಓದುತ್ತೇವೆ. ಅಧಿಕಾರಿಯ ಧ್ವನಿಗೆ ಮರ್ಯಾದೆ ಕೊಡಬೇಕೆಂದು ಒಂದು ಕಾಲವು ಕಲಿಸಿದ ಪಾಠವೇ ಇನ್ನೊಂದು ಕಾಲದಲ್ಲಿ ಉರುಳಾಗುತ್ತದೆ. ಇದರ ಜೊತೆಗೆ, ಸಂಗತಿಯು ನೆನಪಿದ್ದು ಅದನ್ನು ಹೇಳಿದವರು ಯಾರು, ಎಲ್ಲಿ ಕೇಳಿದೆವು ಎಂಬುದು ಮಸುಕಾಗುವ ಸ್ವಭಾವವು ಮುಪ್ಪಿನಲ್ಲಿ ಹೆಚ್ಚು. ಮತ್ತೆ ಮತ್ತೆ ಕಿವಿಗೆ ಬಿದ್ದ ಸುಳ್ಳು ಸುದ್ದಿಯು ಪರಿಚಿತವಾಗಿ ತೋರಿ, ಪರಿಚಿತವಾದುದು ನಿಜವಾಗಿ ತೋರುವುದಕ್ಕೆ ಇದು ದಾರಿ ಮಾಡುತ್ತದೆ.

ಕೂದಲು ನರೆತೊಡನೆ ವಿವೇಕವು ತಾನಾಗಿ ಕೈಗೂಡುತ್ತದೆಂಬ ನಂಬಿಕೆಯೂ ಪರೀಕ್ಷೆಯಲ್ಲಿ ಉಳಿಯಲಿಲ್ಲ. ಬಾಲ್ಟೆಸ್ ಮತ್ತು ಆತನ ಸಹೋದ್ಯೋಗಿಗಳು ಬರ್ಲಿನ್ನಿನಲ್ಲಿ ಜನರ ಮುಂದೆ ಬಾಳಿನ ಬಿಕ್ಕಟ್ಟುಗಳನ್ನು ಇಟ್ಟರು. ಹದಿನೈದು ವರ್ಷದ ಹುಡುಗಿಯೊಬ್ಬಳು ಈಗಲೇ ಮದುವೆಯಾಗುತ್ತೇನೆಂದು ಹಟ ಹಿಡಿದರೆ ಏನನ್ನು ಆಲೋಚಿಸಬೇಕು, ಏನನ್ನು ಮಾಡಬೇಕು ಎಂಬಂಥವು. ಒಬ್ಬರು ‘ಕೂಡದು’ ಎಂದು ಒಂದೇ ಮಾತಿನಲ್ಲಿ ಮುಗಿಸಬಹುದು. ಇನ್ನೊಬ್ಬರು ಆಕೆಗೆ ತಂದೆತಾಯಿಗಳಿದ್ದಾರೆಯೆ, ರೋಗವೇನಾದರೂ ಉಂಟೆ, ಆಕೆಯ ದೇಶಾಚಾರವೇನು ಎಂದು ವಿಚಾರಿಸಿ, ತಮ್ಮ ಸಲಹೆಯ ಅನಿಶ್ಚಯವನ್ನೂ ಒಪ್ಪಿಕೊಳ್ಳಬಹುದು. ಇಂಥ ಉತ್ತರಗಳನ್ನು ತೂಗಿ ನೋಡಿದಾಗ, ಇಪ್ಪತ್ತೈದರಿಂದ ಎಪ್ಪತ್ತೈದರವರೆಗೆ ವಿವೇಕದ ಮಟ್ಟವು ಸರಾಸರಿಯಲ್ಲಿ ಏರಲೂ ಇಲ್ಲ, ಇಳಿಯಲೂ ಇಲ್ಲ. ವೇಗವೂ ಗ್ರಹಣಶಕ್ತಿಯೂ ಇಳಿಯುತ್ತಿರುವ ವರ್ಷಗಳಲ್ಲಿ ಇದು ಇಳಿಯದೆ ನಿಂತುದೇ ದೊಡ್ಡದು. ಏರಿದವರಲ್ಲಿ ಅದನ್ನು ಏರಿಸಿದ್ದು ಕೇವಲ ವರ್ಷಗಳ ಎಣಿಕೆಯಲ್ಲ, ಆ ವರ್ಷಗಳಲ್ಲಿ ಅವರು ಕಂಡುಂಡದ್ದನ್ನು ಕುರಿತು ಮಾಡಿದ ಚಿಂತನೆ.

ಇಲ್ಲಿಯವರೆಗೆ ಹೇಳಿದ ಸಂಗತಿಗಳೆಲ್ಲ ಬಹುಪಾಲು ಪಾಶ್ಚಾತ್ಯ ದೇಶಗಳ ಅಕ್ಷರಸ್ಥರಿಂದ ತಿಳಿದುಬಂದವು. ನಮ್ಮಲ್ಲಿ ಅಜ್ಜಿಯೊಬ್ಬಳು ಓದುಬರೆಹವಿಲ್ಲದೆಯೇ ಎರಡು ಮೂರು ಭಾಷೆಗಳಲ್ಲಿ ವ್ಯವಹರಿಸಬಲ್ಲಳು. ಪೆನ್ಸಿಲು ಕಾಗದಗಳ ಪರೀಕ್ಷೆಯಲ್ಲಿ ಆಕೆಯ ಬುದ್ಧಿಯು ಕಾಣಿಸಿಕೊಳ್ಳುವ ಬಗೆ ಹೇಗೆ? ಈಗ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿರುವ ಸುವರ್ಣಾ ಅಲ್ಲಾಡಿಯವರು ಹೈದರಾಬಾದಿನಲ್ಲಿದ್ದಾಗ, ಬುದ್ಧಿಭ್ರಮಣೆಗೆ ತುತ್ತಾದ 648 ಮಂದಿ ರೋಗಿಗಳ ವೃತ್ತಾಂತವನ್ನು ತಮ್ಮ ಸಂಗಡಿಗರೊಡನೆ ಪರಿಶೀಲಿಸಿ 2013ರಲ್ಲಿ ಪ್ರಕಟಿಸಿದ ಲೇಖನವು ಲೋಕದ ಗಮನವನ್ನು ಸೆಳೆಯಿತು. ಒಂದೇ ಭಾಷೆಯನ್ನಾಡುವವರಿಗಿಂತ, ಎರಡು ಅಥವಾ ಹೆಚ್ಚು ಭಾಷೆಗಳನ್ನಾಡುವವರಲ್ಲಿ ಆ ರೋಗವು ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಇದು ಭಾಷೆಯ ಫಲವೋ ಶಾಲೆಯ ಫಲವೋ ಎಂಬ ಸಂದೇಹಕ್ಕೆ ಅವರ ರೋಗಿಗಳಲ್ಲಿಯೇ ಉತ್ತರವಿತ್ತು: ಶಾಲೆಯ ಮೆಟ್ಟಿಲನ್ನೇ ಹತ್ತದವರಲ್ಲಿಯೂ ಈ ವ್ಯತ್ಯಾಸವು ಕಂಡುಬಂದಿತು. ಬೇರೆ ದೇಶಗಳ ಎಲ್ಲ ಅಧ್ಯಯನಗಳೂ ಇದಕ್ಕೆ ಒಕ್ಕೊರಲಿನಿಂದ ಸಾಕ್ಷಿ ನುಡಿದಿಲ್ಲವಾದರೂ, ಒಂದು ಭಾಷೆಯನ್ನು ಹಿಂದಕ್ಕೊತ್ತಿ ಇನ್ನೊಂದನ್ನು ಮುಂದಕ್ಕೆ ತರುವ ಕೆಲಸವನ್ನು ದಿನವಿಡೀ, ಬಾಳಿಡೀ ಮಾಡುವ ಮನಸ್ಸಿಗೆ ಒಂದು ಬಗೆಯ ಸಾಧನೆ ಒದಗುವುದೆಂಬುದು ಸಂಭವನೀಯವಾಗಿಯೇ ಇದೆ.

ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲೂಕಿನಲ್ಲಿ, ಕನ್ನಡ ತೆಲುಗುಗಳೆರಡೂ ಮನೆಮನೆಗಳಲ್ಲಿ ಕೇಳಿಬರುವ ಆ ಮಾವಿನ ಸೀಮೆಯಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನ ಕೇಂದ್ರವು 2018ರಿಂದ ಒಂದು ದೀರ್ಘ ಅಧ್ಯಯನವನ್ನು ಕೈಗೊಂಡಿದೆ. ನಲವತ್ತೈದು ದಾಟಿದ ಹತ್ತು ಸಾವಿರ ಮಂದಿ ಗ್ರಾಮವಾಸಿಗಳನ್ನು ಸೇರಿಸಿಕೊಂಡು, ಅವರ ರಕ್ತ, ಮಿದುಳಿನ ಚಿತ್ರ, ನೆನಪು, ಗಮನ, ಮಾತು ಇವುಗಳನ್ನು ವರ್ಷಗಳು ಕಳೆದಂತೆ ಮತ್ತೆ ಮತ್ತೆ ನೋಡುತ್ತ ಹೋಗುವುದು ಅದರ ಸಂಕಲ್ಪ. ಸಿಯಾಟಲ್‌ನ ನಾಗರಿಕರಿಗೆ ಅರವತ್ತರವರೆಗೆ ನಿಂತ ಶಕ್ತಿಯು, ಎಳವೆಯಲ್ಲಿ ಅರೆಹೊಟ್ಟೆ ಉಂಡು, ಬಿಸಿಲಿನಲ್ಲಿ ದುಡಿದು, ಸಕ್ಕರೆ ಕಾಯಿಲೆಯೂ ರಕ್ತದೊತ್ತಡವೂ ಇದ್ದದ್ದನ್ನು ತಡವಾಗಿ ತಿಳಿದ ನಮ್ಮ ರೈತನಿಗೂ ರೈತಮಹಿಳೆಗೂ ಅಷ್ಟೇ ಕಾಲ ನಿಲ್ಲುವುದೇ, ಅಥವಾ ಅವರ ಎರಡು ಭಾಷೆಗಳೂ ಕೂಡುಬಾಳ್ವೆಯೂ ದಿನದ ಮೈದುಡಿಮೆಯೂ ಬೇರೆಯೇ ಒಂದು ರಕ್ಷೆಯನ್ನು ಕೊಟ್ಟಿರುವುವೇ ಎಂಬುದನ್ನು ಸ್ಕಾಟ್ಲೆಂಡಿನ ಯಾವ ಖಾತೆಪುಸ್ತಕವೂ ಹೇಳಲಾರದು. ಅದಕ್ಕೆ ಬೇಕಾದ ಅಂಕಿಅಂಶಗಳು ಈಗ ಶ್ರೀನಿವಾಸಪುರದ ಹಳ್ಳಿಗಳಲ್ಲಿ ಒಬ್ಬೊಬ್ಬರಿಂದಲೂ ಕೂಡಿಬರುತ್ತಿವೆ.